ಹೈಸ್ಕೂಲು ಮಕ್ಕಳಿಗೆ ನೋವಿನ ಪಾಠ: ನನ್ನ ಅನುಭವ

ನಾನು ಫಿಸಿಯೋಥೆರಪಿಸ್ಟ್. ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ ಕಡೆಯ ಕನ್ನಡ ಮಾಧ್ಯಮ ಶಾಲೆಗಳಿಗೆ ಹೋಗಿ ಹೈಸ್ಕೂಲು ಮಕ್ಕಳಿಗೆ ನೋವಿನ ವಿಜ್ಞಾನ ಹೇಳಿಕೊಡುತ್ತೇನೆ. ಈ ವಯಸ್ಸಿನಲ್ಲಿ ತಲೆನೋವು, ಬೆನ್ನುನೋವು, ಹೊಟ್ಟೆನೋವು ತುಂಬ ಮಕ್ಕಳಿಗೆ ಇರುತ್ತದೆ. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣದಿದ್ದರೆ ಮನೆಯಲ್ಲಿ "ಸುಮ್ನೆ ನಾಟಕ" ಅನ್ನುವ ಮಾತು ಶುರುವಾಗುತ್ತದೆ. ಆ ಒಂದು ಮಾತಿನಿಂದ ಮಕ್ಕಳು ಎಷ್ಟು ಕುಗ್ಗುತ್ತಾರೆ ಅಂತ ಕ್ಲಿನಿಕ್ಕಿನಲ್ಲಿ ನೋಡಿ ನೋಡಿಯೇ ನಾನು ಶಾಲೆಗೆ ಹೊರಟದ್ದು.

ಪಾಠ ಕಬಡ್ಡಿಯಿಂದ ಶುರು. ಕಾಸರಗೋಡಿನ ಮಕ್ಕಳಿಗೆ ಅದನ್ನು ವಿವರಿಸಬೇಕಾಗಿಲ್ಲ. "ಮೊಣಕಾಲು ತರಚಿದ್ದು ಯಾವಾಗ ಗೊತ್ತಾಯ್ತು?" ಅಂತ ಕೇಳಿದರೆ, "ಆಟ ಮುಗಿದ ಮೇಲೆ, ಟೀಚರ್" ಅನ್ನುತ್ತಾರೆ. ಗಾಯ ಆಗಲೇ ಆಗಿತ್ತು, ನೋವು ಮಾತ್ರ ಆಮೇಲೆ ಬಂತು. ಅಂದರೆ ಗಾಯ ಬೇರೆ, ನೋವು ಬೇರೆ ಅಲ್ವಾ?

ಆಮೇಲೆ ಒಂದು ಲೆಕ್ಕ. ಕಾಲ್ಬೆರಳು ಹೊಸಿಲಿಗೆ ಬಡಿದಾಗ ಮೊದಲು ಚುರುಕ್ ಅನ್ನುತ್ತದೆ. ಒಂದು ಕ್ಷಣ ಬಿಟ್ಟು ಉರಿಯುವ, ಮಿಡಿಯುವ ನೋವು ಬರುತ್ತದೆ. ಯಾಕೆ ಎರಡು ಸಲ? ಬೆರಳಿನಿಂದ ಬೆನ್ನುಹುರಿಗೆ ಸುಮಾರು 1 ಮೀಟರ್ ದೂರ ಅಂತಿಟ್ಟುಕೊಳ್ಳಿ. ಎ-ಡೆಲ್ಟಾ ಅನ್ನುವ ನರತಂತುವಿನಲ್ಲಿ ಸಂದೇಶ ಸೆಕೆಂಡಿಗೆ 5ರಿಂದ 30 ಮೀಟರ್ ಓಡುತ್ತದೆ. ಸಿ ತಂತುವಿನಲ್ಲಿ 0.5ರಿಂದ 2 ಮೀಟರ್ ಅಷ್ಟೇ. ದೂರವನ್ನು ವೇಗದಿಂದ ಭಾಗಿಸಲು ಮಕ್ಕಳಿಗೆ ಗೊತ್ತು. 20 ಮೀಟರ್ ವೇಗಕ್ಕೆ 0.05 ಸೆಕೆಂಡು, 1 ಮೀಟರ್ ವೇಗಕ್ಕೆ ಪೂರ್ತಿ 1 ಸೆಕೆಂಡು. ಮೊದಲಿನ ಚುರುಕ್ ಎ-ಡೆಲ್ಟಾ ತಂದದ್ದು, ಆಮೇಲಿನ ಉರಿ ಸಿ ತಂತು ತಂದದ್ದು. ಉತ್ತರ ಬಂದ ಕೂಡಲೇ ಹಿಂದಿನ ಬೆಂಚಿನವರೂ ತಮ್ಮ ಎಡವಿದ ಕಥೆ ಹೇಳಲು ಶುರುಮಾಡುತ್ತಾರೆ. ಫಿಸಿಕ್ಸ್ ಪಾಠ ಮೈಗೆ ತಾಗುವುದು ಇಲ್ಲಿ!

ಪೆಟ್ಟು ಬಿದ್ದ ಜಾಗ ಉಜ್ಜಿದರೆ ಹಾಯೆನಿಸುವುದಕ್ಕೂ ಕಾರಣ ಇದೆ. ಬೆನ್ನುಹುರಿಯಲ್ಲೇ ಸ್ಪರ್ಶದ ಸಂದೇಶ ಅಪಾಯದ ಸಂದೇಶವನ್ನು ತಗ್ಗಿಸಬಲ್ಲದು ಅಂತ ಮೆಲ್ಜಾಕ್ ಮತ್ತು ವಾಲ್ ಅನ್ನುವ ಇಬ್ಬರು ವಿಜ್ಞಾನಿಗಳು 1965ರಲ್ಲಿ ಹೇಳಿದರು. ವಿವರಗಳು ಆಮೇಲೆ ಬದಲಾದವು, ಮೂಲ ಮಾತು ನಿಂತಿದೆ.

ಮುಂದಿನ ಭಾಗ ಎಲ್ಲಕ್ಕಿಂತ ಸೂಕ್ಷ್ಮ. ನೋವು ಉಂಟಾಗುವುದು ಮಿದುಳಿನಲ್ಲಿ ಅಂದ ಕೂಡಲೇ ಯಾರಾದರೂ ಕೇಳಿಯೇ ಕೇಳುತ್ತಾರೆ: "ಹಾಗಾದ್ರೆ ನನ್ನ ನೋವು ಸುಳ್ಳಾ, ಟೀಚರ್?" ಇಲ್ಲಿ ನಾನು ಅವಸರ ಮಾಡುವುದಿಲ್ಲ. ಕಾಲು ಮುರಿದವನ ನೋವೂ ಮಿದುಳಿನಲ್ಲೇ ಉಂಟಾಗುವುದು, ಅದನ್ನು ಯಾರೂ ಸುಳ್ಳು ಅನ್ನುವುದಿಲ್ಲ. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣದ ನೋವೂ ಅಷ್ಟೇ ನಿಜ. ಕಳ್ಳ ಬಂದು ಹೋದ ತೋಟದ ಮನೆಯ ನಾಯಿ ಆಮೇಲೆ ಅಡಿಕೆ ಹಾಳೆ ಬಿದ್ದರೂ ಬೊಗಳುತ್ತದೆ. ಬೊಗಳುವುದು ನಿಜ, ಕಳ್ಳ ಮಾತ್ರ ಇಲ್ಲ. ನೋವು ತಿಂಗಳುಗಟ್ಟಲೆ ಉಳಿದಾಗ ನರವ್ಯೂಹವೂ ಹಾಗೆ ಅತಿ ಎಚ್ಚರದಲ್ಲಿರಬಹುದು. ನಿದ್ದೆಗೇಡು, ಪರೀಕ್ಷೆಯ ಹೆದರಿಕೆ ಅದನ್ನು ಹೆಚ್ಚಿಸುತ್ತವೆ. ಸರಿಯಾದ ನಿದ್ದೆ ಮತ್ತು ನಿಧಾನವಾಗಿ ಮತ್ತೆ ನಡೆಯುವುದು, ಆಡುವುದು ಅದನ್ನು ತಣಿಸುತ್ತವೆ.

ಮುಟ್ಟಿನ ನೋವಿನ ಬಗ್ಗೆ ಹುಡುಗರನ್ನು ಹೊರಗೆ ಕಳಿಸದೆಯೇ ಮಾತಾಡುತ್ತೇನೆ. ಪ್ರೊಸ್ಟಗ್ಲಾಂಡಿನ್ ಅನ್ನುವ ರಾಸಾಯನಿಕ ಜಾಸ್ತಿಯಾದಾಗ ಗರ್ಭಕೋಶದ ಸ್ನಾಯು ಬಿಗಿಯಾಗಿ ಹಿಂಡುತ್ತದೆ, ನೋವಾಗುತ್ತದೆ. ಬಿಸಿನೀರಿನ ಚೀಲ ಇಟ್ಟರೆ ಸ್ವಲ್ಪ ಕಡಿಮೆಯಾಗುತ್ತದೆ. ಪ್ರತಿ ತಿಂಗಳೂ ಶಾಲೆ ತಪ್ಪುವಷ್ಟು ನೋವಿದ್ದರೆ "ಹೆಣ್ಣಾದ ಮೇಲೆ ಸಹಿಸ್ಕೊಬೇಕು" ಅನ್ನುವ ಮಾತು ಕೇಳಬೇಡಿ, ಡಾಕ್ಟರ ಹತ್ತಿರ ಹೋಗಿ ಅನ್ನುತ್ತೇನೆ.

ಕೊನೆಗೆ, ಕಾಯದೆ ಡಾಕ್ಟರಿಗೆ ತೋರಿಸಬೇಕಾದ ಲಕ್ಷಣಗಳನ್ನು ಬೋರ್ಡಿನಲ್ಲಿ ಬರೆಯುತ್ತೇನೆ: ಜ್ವರದ ಜೊತೆಗಿನ ನೋವು, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ತೂಕ ಇಳಿಯುವುದು, ಕೈಕಾಲು ಜೋಮು ಹಿಡಿದು ಬಲ ಕಡಿಮೆಯಾಗುವುದು. ಇಷ್ಟನ್ನು ಮಕ್ಕಳು ನೋಟ್‌ಬುಕ್ಕಿಗೆ ಇಳಿಸಿಕೊಂಡು ಮನೆಯಲ್ಲೂ ತೋರಿಸಬೇಕು.