ಗಡಿಗೆ ಕಟ್ಟೋದು ಸುಲಭ, ಇಳಿಸೋದೇ ಕಷ್ಟ

ಅಂಗಡಿಯಲ್ಲಿ ಲವ್ ಬರ್ಡ್ಸ್ ಅಂತ ಮಾರುತ್ತಾರಲ್ಲ, ಹಸಿರು, ಹಳದಿ, ನೀಲಿ ಬಣ್ಣದ ಪುಟ್ಟ ಹಕ್ಕಿಗಳು, ಅವು ನಿಜವಾದ ಲವ್ ಬರ್ಡ್ಸ್ ಅಲ್ಲ, ಆಸ್ಟ್ರೇಲಿಯಾ ಮೂಲದ ಬಜ್ಜಿಗಳು. ನಮ್ಮ ಕಲಬುರಗಿಯಲ್ಲಿ ಬಜ್ಜಿ ಅಂದರೆ ಎಳ್ಳಮಾವಾಸ್ಯೆಯ ಭಜ್ಜಿಯೇ ನೆನಪಾಗೋದು, ಅದು ಬೇರೆ ಮಾತು. ಹಕ್ಕಿ ಸಾಕಿ ಕೂದಲು ಬೆಳ್ಳಗಾಗಿದೆ ನನಗೆ. ಹೊಸಬರು ಮನೆಗೆ ಬಂದರೆ ಮೊದಲು ಕೇಳೋದು ಒಂದೇ, ಮೊಟ್ಟೆ ಬೇಗ ಇಡಿಸೋದು ಹೇಗೆ ಅಂತ. ಇಡಿಸೋದೇನೂ ಬೇಡ, ಪಂಜರದಲ್ಲಿ ಗೂಡಿಗೆ ಅಂತ ಪುಟ್ಟ ಮಣ್ಣಿನ ಗಡಿಗೆ ಕಟ್ಟಿದರೆ ತಾನೇ ಇಡುತ್ತದೆ. ಬೇಡ ಅನ್ನೋದನ್ನು ನೀವು ಕಲಿಯಬೇಕು.

ನಾನು ದಸರಾ ಆದ ಮೇಲೆ ಗಡಿಗೆ ಕಟ್ಟುತ್ತೇನೆ. ಹೋಳಿ ಆಗಿ ನಮ್ಮ ಶರಣಬಸವೇಶ್ವರ ತೇರು ಬರುವ ಹೊತ್ತಿಗೆ ಇಳಿಸಿರುತ್ತೇನೆ. ಲೆಕ್ಕ ಹಾಕಿ ನೋಡಿ. ಸಾಮಾನ್ಯವಾಗಿ ದಿನ ಬಿಟ್ಟು ದಿನ ಒಂದೊಂದರಂತೆ 4ರಿಂದ 6 ಮೊಟ್ಟೆ, ಪ್ರತಿ ಮೊಟ್ಟೆ ಒಡೆಯೋಕೆ ಸುಮಾರು 18 ದಿನ, ಮರಿ ಗಡಿಗೆ ಬಿಟ್ಟು ಹೊರಗೆ ಬರೋಕೆ ಇನ್ನೂ ಐದು ವಾರ. ಅಂದರೆ ಒಂದು ಸುತ್ತಿಗೆ ಎರಡು ತಿಂಗಳ ಮೇಲೆ. ಆ ಐದು ತಿಂಗಳಲ್ಲಿ ಎರಡು ಸುತ್ತು ಮುಗಿಯುತ್ತದೆ, ಒಂದು ಹೆಣ್ಣಿಗೆ ವರ್ಷಕ್ಕೆ ಅಷ್ಟೇ ಸಾಕು. ಏಪ್ರಿಲ್, ಮೇನಲ್ಲಿ ನಮ್ಮಲ್ಲಿ 42, 43 ಡಿಗ್ರಿ ಇರುತ್ತದೆ, ಆ ಬಿಸಿಲಲ್ಲಿ ಗಡಿಗೆಯೊಳಗೆ ಮರಿ ಬೇಯೋದೇ ಸೈ. ಬೀದರ್ ಕಡೆಯವರಿಗೆ ಸ್ವಲ್ಪ ತಂಪು, ಆದರೂ ಬೇಸಿಗೆಯಲ್ಲಿ ಬೇಡ.

ಒಂದು ವರ್ಷ ತುಂಬದ ಹೆಣ್ಣಿಗೆ ಗಡಿಗೆ ತೋರಿಸಲೇಬೇಡಿ. ಕೊಕ್ಕಿನ ಮೇಲಿನ ಮೆತ್ತನೆ ಭಾಗ ಕಂದು ಬಣ್ಣಕ್ಕೆ ತಿರುಗಿ ಒರಟಾದರೆ ಹೆಣ್ಣು ತಯಾರಾಗಿದೆ ಅಂತ ಅರ್ಥ. ಗಂಡಿಗೆ ಅದು ಹೆಚ್ಚಾಗಿ ನೀಲಿ. ಆದರೆ ಬಣ್ಣ ತಿರುಗಿತು ಅಂತ ಆರು ತಿಂಗಳಿಗೇ ಜೋಡಿ ಮಾಡಬೇಡಿ, ಎಳೇ ಮೈ ತಡೆಯೋದಿಲ್ಲ.

ಇನ್ನು ಸುಣ್ಣದ ಅಂಶ. ಮೊಟ್ಟೆಯ ಚಿಪ್ಪು ಹೆಣ್ಣಿನ ಮೈಯಿಂದಲೇ ಬರಬೇಕು ಅಲ್ವಾ, ಹೊರಗಿಂದ ಸಿಗದಿದ್ದರೆ ಮೂಳೆಯಿಂದ ತೆಗೆಯುತ್ತದೆ. ಬರೀ ನವಣೆ ಹಾಕಿದರೆ ಅದು ಸಾಲೋದಿಲ್ಲ. ಗ್ರಂಥಿಗೆ ಅಂಗಡಿಯಲ್ಲಿ ಸಮುದ್ರ ನೊರೆ ಅಂತ ಕೇಳಿ, ಕಟಲ್‌ಫಿಶ್ ಅನ್ನೋ ಸಮುದ್ರಜೀವಿಯ ಒಳಚಿಪ್ಪು ಅದು, ಬಿಳಿ, ಹಗುರ, ಉಗುರಿನಿಂದ ಕೆರೆದರೆ ಪುಡಿ ಉದುರುತ್ತದೆ. ಒಂದು ತುಂಡನ್ನು ತಂತಿಯಲ್ಲಿ ಪಂಜರಕ್ಕೆ ಕಟ್ಟಿಬಿಡಿ. ಗಡಿಗೆ ಕಟ್ಟುವ ತಿಂಗಳ ಮೊದಲೇ ಕಟ್ಟಿರಬೇಕು. ಸಿಗದಿದ್ದರೆ ಕೋಳಿ ಮೊಟ್ಟೆಯ ಸಿಪ್ಪೆಯನ್ನು ಹತ್ತು ನಿಮಿಷ ಕುದಿಸಿ, ಒಣಗಿಸಿ, ಸಣ್ಣಗೆ ಕುಟ್ಟಿ ಇಡಿ. ದಿನಾ ನುಗ್ಗೆ ಸೊಪ್ಪು, ಕೊತ್ತಂಬರಿ, ಮೊಳಕೆ ಬರಿಸಿದ ಸಜ್ಜೆ. ವಾರಕ್ಕೆರಡು ಸಲ ಬೇಯಿಸಿದ ಮೊಟ್ಟೆ ಹಿಚುಕಿ ಇಡಿ, ಎರಡು ಗಂಟೆಯಲ್ಲಿ ಉಳಿದದ್ದು ತೆಗೆದುಬಿಡಿ, ಹಳಸುತ್ತದೆ. ಸೂರ್ಯಕಾಂತಿ ಬೀಜ ಜಾಸ್ತಿ ಬೇಡ, ಕೊಬ್ಬು ಬಂದ ಹೆಣ್ಣಿಗೆ ಮೊಟ್ಟೆ ಇಡೋದು ಕಷ್ಟ. ಬೆಳಗಿನ ಎಳೆ ಬಿಸಿಲು ಅರ್ಧ ಗಂಟೆಯಾದರೂ ಮೈಗೆ ಬೀಳಲಿ, ಪಂಜರದ ಅರ್ಧ ನೆರಳಲ್ಲೇ ಇರಲಿ. ಬಿಸಿಲಿಲ್ಲದೆ ತಿಂದ ಸುಣ್ಣ ಮೈಗೆ ಹತ್ತೋದಿಲ್ಲ, ಗಾಜಿನ ಹಿಂದಿನ ಬಿಸಿಲೂ ಲೆಕ್ಕಕ್ಕಿಲ್ಲ.

ಇದನ್ನೆಲ್ಲ ನಾನು ಸುಮ್ನೆ ಕಲಿತದ್ದಲ್ಲ. ಒಂದು ಹಳದಿ ಹೆಣ್ಣಿಗೆ ಬಿಡುವಿಲ್ಲದೆ ಮೂರನೇ ಸುತ್ತಿಗೆ ಬಿಟ್ಟಿದ್ದೆ, ಆಸೆ. ಎಳ್ಳಮಾವಾಸ್ಯೆಯ ಬೆಳಿಗ್ಗೆ, ಹೊಲಕ್ಕೆ ಹೋಗೋಕೆ ಸಜ್ಜೆ ರೊಟ್ಟಿ ಕಟ್ಟುತ್ತಾ ಇದ್ದೆವು, ಚಳಿ ಚೆನ್ನಾಗಿತ್ತು. ನೋಡಿದರೆ ಅದು ಕೋಲಿನ ಮೇಲೆ ಇಲ್ಲ, ಪಂಜರದ ತಳದಲ್ಲಿ ಹತ್ತಿ ಉಂಡೆ ಹಾಗೆ ಪುಕ್ಕ ಉಬ್ಬಿಸಿಕೊಂಡು ಕೂತಿದೆ. ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ. ಮೊಟ್ಟೆ ಒಳಗೇ ಸಿಕ್ಕಿಕೊಂಡಿತ್ತು. ಹಕ್ಕಿ ಮಾರಿದವನಿಗೆ ಫೋನ್ ಮಾಡಿದರೆ ಹೊಟ್ಟೆ ಒತ್ತಿ ತೆಗೀರಿ ಅಂದ. ಒತ್ತಿದೆ. ಒಳಗೆ ಮೊಟ್ಟೆ ಒಡೆಯಿತು, ಸಂಜೆಯೊಳಗೆ ಹಕ್ಕಿ ಹೋಯಿತು. ಅವತ್ತಿನ ಭಜ್ಜಿ ಗಂಟಲಲ್ಲಿ ಇಳಿಯಲಿಲ್ಲ.

ಮುಂದೆ ಇನ್ನೊಂದಕ್ಕೆ ಹಾಗೇ ಆದಾಗ ಕೈ ಹಾಕಲಿಲ್ಲ. ಒಂದು ರಟ್ಟಿನ ಡಬ್ಬಿಗೆ ಹಳೇ ಧೋತರ ಹಾಸಿ ಅದನ್ನು ಕೂರಿಸಿದೆ, ಒಂದು ಮಗ್ಗುಲಿಗೆ ಹೊರಗಡೆಯಿಂದ ಹಳೇ ಕಾಲದ 40 ವ್ಯಾಟ್ ಬಲ್ಬು, ಡಬ್ಬಿಗೆ ತಾಗದ ಹಾಗೆ. ಎಲ್‌ಇಡಿ ಬಲ್ಬು ಕಾವು ಕೊಡೋದಿಲ್ಲ, ಅದನ್ನು ಇಟ್ಟು ಕೂರಬೇಡಿ. ಒಳಗೆ ಸುಮಾರು 30 ಡಿಗ್ರಿ ಇರಬೇಕು, ಸೆಕೆ ಆದರೆ ಇನ್ನೊಂದು ಮಗ್ಗುಲಿಗೆ ಸರಿಯೋಕೆ ಜಾಗವೂ ಬೇಕು. ಪಕ್ಕದಲ್ಲಿ ಬಿಸಿ ನೀರಿನ ಬಟ್ಟಲು ಇಟ್ಟರೆ ಗಾಳಿಗೆ ತೇವ ಬರುತ್ತದೆ. ಹಾಗೇ ಡಬ್ಬಿ ಸಮೇತ ಪಶು ವೈದ್ಯರ ಹತ್ತಿರ ಓಡಿದೆ. ಅವರು ಕ್ಯಾಲ್ಸಿಯಂ ಇಂಜೆಕ್ಷನ್ ಕೊಟ್ಟರು, ಬದುಕಿತು. ಇಂಥದ್ದು ಕಂಡರೆ ನಾಳೆ ನೋಡೋಣ ಅನ್ನಬೇಡಿ, ಗಂಟೆಗಳ ಲೆಕ್ಕ ಅದು.

ಕಾವಿಗೆ ಕೂತ ಹೆಣ್ಣು ದೊಡ್ಡ, ವಾಸನೆ ಹಿಕ್ಕೆ ಹಾಕುತ್ತದೆ, ಗಾಬರಿ ಬೇಡ, ಬಹಳ ಹೊತ್ತು ತಡೆದುಕೊಂಡಿರುತ್ತದೆ ಅಷ್ಟೇ. ಕೂಲರ್ ಗಾಳಿ ನೇರ ಬಡಿಯದಿರಲಿ. ಸೊಳ್ಳೆ ಬತ್ತಿ ಹೊಗೆ ಬೇಡ. ನಾನ್‌ಸ್ಟಿಕ್ ತವೆ ಒಲೆ ಮೇಲೆ ಮರೆತು ಸೀದರೆ ಆ ಹೊಗೆಗೇ ಹಕ್ಕಿ ಸಾಯುತ್ತದೆ, ಅಡುಗೆಮನೆ ಹತ್ತಿರ ಪಂಜರ ಇಡಬೇಡಿ. ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡಿ, ಕೆಂಪಿರುವೆ ಮರಿಗಳನ್ನು ಬಿಡೋದಿಲ್ಲ. ಎರಡು ಜೋಡಿ ಇದ್ದರೆ ಮೂರು ಗಡಿಗೆ, ಒಂದೇ ಎತ್ತರದಲ್ಲಿ, ಇಲ್ಲದಿದ್ದರೆ ಹೆಣ್ಣುಗಳು ಕಚ್ಚಾಡಿ ರಕ್ತ ಬರಿಸಿಕೊಳ್ಳುತ್ತವೆ.

ಎರಡನೇ ಸುತ್ತಿನ ಕೊನೆ ಮರಿ ತಾನೇ ಕಾಳು ಬಿಡಿಸಿ ತಿನ್ನೋಕೆ ಶುರು ಮಾಡಿದ ಮೇಲೆ ಗಡಿಗೆ ಇಳಿಸಿ, ಕುದಿ ನೀರಲ್ಲಿ ತೊಳೆದು ಬಿಸಿಲಿಗಿಡಿ. ಹೆಣ್ಣು ಸಿಟ್ಟಾಗುತ್ತದೆ, ಗಡಿಗೆ ಇದ್ದ ಜಾಗದಲ್ಲೇ ತಂತಿ ಕಡಿಯುತ್ತದೆ. ಕರಗಬೇಡಿ. ಗಂಡನ್ನು ಬೇರೆ ಪಂಜರಕ್ಕೆ ಹಾಕಿ, ಸಂಜೆ ಆರಕ್ಕೇ ಬಟ್ಟೆ ಮುಚ್ಚಿ ಕತ್ತಲು ಮಾಡಿ. ಅಷ್ಟಾದರೂ ತಳದಲ್ಲಿ ಒಂದು ಮೊಟ್ಟೆ ಇಟ್ಟರೆ ಕೂಡಲೇ ತೆಗೆಯಬೇಡಿ, ತೆಗೆದರೆ ಲೆಕ್ಕ ತುಂಬಿಸೋಕೆ ಇನ್ನೊಂದು ಇಡುತ್ತದೆ. ಎರಡು ಮೂರು ವಾರ ಹಾಗೇ ಬಿಡಿ, ಬೇಜಾರಾಗಿ ತಾನೇ ಬಿಟ್ಟು ಏಳುತ್ತದೆ.