ಅಂಗಳದಲ್ಲಿ ಲಂಟಾನ: ನೆಡಬಹುದೇ, ಕೀಳುವುದು ಹೇಗೆ

ಮಂಗಳೂರು, ಉಡುಪಿಯ ನರ್ಸರಿಗಳಲ್ಲಿ ಪ್ಲಾಸ್ಟಿಕ್ ತೊಟ್ಟೆಯಲ್ಲಿಟ್ಟ ಲಂಟಾನ ಸಸಿಗಳು ಹಳದಿ, ಕೇಸರಿ, ಗುಲಾಬಿ ಗೊಂಚಲುಗಳಿಂದ ಕಣ್ಸೆಳೆಯುತ್ತವೆ. ಬಿಸಿಲು ತಾಳುತ್ತದೆ, ಮುರಕಲ್ಲಿನ ನೆಲದಲ್ಲೂ ಬದುಕುತ್ತದೆ, ದನಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ ಎಂಬ ಮೂರು ಗುಣಗಳೇ ಇದನ್ನು ಕಾಂಪೌಂಡಿನ ಅಂಚಿಗೆ ತಂದಿವೆ. ಅಂಗಳಕ್ಕೆ ಇದು ಬೇಡವೆನ್ನಲು ಕಾರಣವೂ ಅದೇ ಗುಣಗಳು.

ಅಮೆರಿಕ ಖಂಡದ ಉಷ್ಣವಲಯದ ಈ ಪೊದೆಯು 19ನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದದ್ದು ಅಲಂಕಾರಕ್ಕಾಗಿಯೇ. ಇಂದು ಬಂಡೀಪುರ, ಮಲೆ ಮಹದೇಶ್ವರ ಬೆಟ್ಟದ ಕಾಡುಗಳಲ್ಲಿ ಅದನ್ನು ಕಿತ್ತು ಮುಗಿಸಲಾಗುತ್ತಿಲ್ಲ. ಕಪ್ಪಾಗಿ ಮಾಗಿದ ಹಣ್ಣನ್ನು ಪಿಕಳಾರಗಳು ತಿಂದು ಬೀಜವನ್ನು ದೂರ ಒಯ್ಯುತ್ತವೆ. ವರ್ಷಕ್ಕೆ 3,500 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವ ನಮ್ಮ ಕರಾವಳಿಯಲ್ಲಿ, ಒದ್ದೆ ಮಣ್ಣಿಗೆ ತಾಗಿದ ಗೆಲ್ಲೂ ಬೇರು ಬಿಡುವುದರಿಂದ, ನಿಮ್ಮ ಕಾಂಪೌಂಡಿನ ಗಿಡವು ಎರಡು ಮೂರು ವರ್ಷಗಳಲ್ಲಿ ಪಕ್ಕದ ಹಾಡಿಯ ಗಿಡವೂ ಆಗುತ್ತದೆ.

ಮನೆಯಲ್ಲಿ ಹಸು ಸಾಕುವವರು ಇನ್ನೂ ಒಂದು ವಿಷಯವನ್ನು ಗಮನಿಸಬೇಕು. ಲಂಟಾನದ ಎಲೆಯಲ್ಲಿರುವ ವಿಷಾಂಶ ದನಗಳ ಯಕೃತ್ತಿಗೆ ಹಾನಿ ಮಾಡುತ್ತದೆ. ಬಳಿಕ ಬಿಸಿಲಿಗೆ ಚರ್ಮ ಸುಲಿದು ಹುಣ್ಣಾಗುತ್ತದೆ. ಹಟ್ಟಿಗೆ ಸೊಪ್ಪು ಕಡಿಯುವಾಗ, ಮೇವು ಕಡಿಮೆಯಾಗುವ ಬೇಸಿಗೆಯಲ್ಲಿ ವಿಶೇಷವಾಗಿ, ಇದು ಬೆರೆಯದಂತೆ ನೋಡಿಕೊಳ್ಳಿ. ಹಸಿರು ಕಾಯಿಗಳು ಮಕ್ಕಳ ಬಾಯಿಗೂ ಹೋಗಬಾರದು.

ಚಿಟ್ಟೆಗಳು ಬರುತ್ತವೆಯಲ್ಲ ಎಂದು ಕೇಳುವವರಿದ್ದಾರೆ. ಮಕರಂದಕ್ಕೆ ಬರುವುದು ನಿಜ. ಆದರೆ ಚಿಟ್ಟೆಗೆ ಮೊಟ್ಟೆಯಿಡುವ ಗಿಡವೂ ಬೇಕು. ಹಿತ್ತಿಲ ಕರಿಬೇವು ಮತ್ತು ನಿಂಬೆ ಆ ಕೆಲಸವನ್ನು ಮಾಡುತ್ತವೆ, ಲಂಟಾನ ಮಾಡುವುದಿಲ್ಲ. ಬೀಜ ಕಟ್ಟದ ತಳಿಯೆಂದು ಹೇಳಿ ಮಾರಿದರೂ ಅದನ್ನು ಪೂರ್ತಿ ನಂಬುವಂತಿಲ್ಲ, ಏಕೆಂದರೆ ಅಂಥ ಕೆಲವು ತಳಿಗಳ ಪರಾಗ ಕಾಡುಗಿಡಗಳನ್ನು ಫಲಗೊಳಿಸಬಲ್ಲದು. ಇಟ್ಟುಕೊಳ್ಳಲೇಬೇಕೆನ್ನುವವರು ಸಿಮೆಂಟು ನೆಲದ ಮೇಲಿನ ಕುಂಡದಲ್ಲಿ ಬೆಳೆಸಿ, ಹೂವು ಉದುರಿದ ಗೊಂಚಲನ್ನು ಕಾಯಿ ಬಲಿಯುವ ಮೊದಲೇ ಕತ್ತರಿಸಬೇಕು. ವಾರ ವಾರವೂ ಈ ಕೆಲಸ ಮಾಡುವಷ್ಟು ತಾಳ್ಮೆ ಹೆಚ್ಚಿನವರಿಗೆ ಇರುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಈಗಾಗಲೇ ಬೆಳೆದಿರುವ ಪೊದೆಯನ್ನು ಕತ್ತಿಯಿಂದ ಸವರಿದರೆ ಅಥವಾ ಸುಟ್ಟರೆ ಬುಡದಿಂದ ಇನ್ನಷ್ಟು ಚಿಗುರು ಏಳುತ್ತದೆ. ಆ ಚಿಗುರು ಹೊರಡುವುದು ಕಾಂಡ ಮತ್ತು ಬೇರು ಸೇರುವ ಗಂಟಿನಿಂದ. ಆದ್ದರಿಂದ ಕೈಗವಸು ಹಾಕಿಕೊಂಡು, ಮುಳ್ಳಿನ ಗೆಲ್ಲುಗಳನ್ನು ಮೊದಲು ಕಡಿದು ದಾರಿ ಮಾಡಿ, ಪಿಕ್ಕಾಸಿನಿಂದ ಬುಡದ ಮಣ್ಣನ್ನು ಸರಿಸಿ, ನೆಲಮಟ್ಟದಿಂದ 3ರಿಂದ 5 ಸೆಂಟಿಮೀಟರ್ ಕೆಳಗೆ ತಾಯಿಬೇರನ್ನು ತುಂಡರಿಸಿ, ಗಂಟು ಸಮೇತ ಬುಡವನ್ನು ಮೇಲೆತ್ತಬೇಕು. ಎತ್ತಿದ ಬುಡವನ್ನು ತಲೆಕೆಳಗಾಗಿ ಇಡಿ. ಬೇರು ಮಣ್ಣಿಗೆ ತಾಗದಿದ್ದರೆ ಅದು ಒಣಗುತ್ತದೆ. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಪಿಕ್ಕಾಸಿಗೂ ಜಗ್ಗುವುದಿಲ್ಲವಾದ್ದರಿಂದ, ಜೂನ್ ತಿಂಗಳ ಮೊದಲ ಮಳೆಗಳ ಬಳಿಕವೋ, ಮಳೆ ಹಿಂದೆ ಸರಿದು ನೆಲ ಇನ್ನೂ ಮೆತ್ತಗಿರುವ ಅಕ್ಟೋಬರಿನಲ್ಲೋ ಈ ಕೆಲಸವನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಜೂನ್ ತಿಂಗಳಲ್ಲಿ ಕಿತ್ತರೆ ಬುಡಗಳನ್ನು ಮಾಡಿನ ಕೆಳಗೆ ಒಣಗಿಸಿ. ಹಣ್ಣಿರುವ ಗೆಲ್ಲುಗಳನ್ನು ತೋಡಿನ ಬದಿಗೆ ಎಸೆಯಬೇಡಿ, ಗೊಬ್ಬರದ ಗುಂಡಿಗೂ ಹಾಕಬೇಡಿ. ಒಣಗಿಸಿ ಬಚ್ಚಲೊಲೆಗೆ ಉರುವಲಾಗಿ ಬಳಸಿ.

ತೆರವಾದ ಜಾಗವನ್ನು ಖಾಲಿ ಬಿಟ್ಟರೆ ಕಮ್ಯುನಿಸ್ಟ್ ಗಿಡವೆಂಬ ಇನ್ನೊಂದು ಕಳೆ ಬಂದು ಕೂರುತ್ತದೆ. ಹೂವಿನ ಸಾಲಿಗೆ ಕೇಪುಳ, ದಾಸವಾಳ, ನಂದಿಬಟ್ಟಲು ಸಾಕು. ಕೆಂಪು ಕೇಪುಳಕ್ಕೆ ಚಿಟ್ಟೆಗಳೂ ಬರುತ್ತವೆ. ದನ ಮುಟ್ಟದ ಬೇಲಿಯೇ ಬೇಕಾದರೆ ಆಡುಸೋಗೆಯ ಗೆಲ್ಲುಗಳನ್ನು ಒಂದಡಿ ಅಂತರದಲ್ಲಿ ಮಳೆಗಾಲದ ಆರಂಭದಲ್ಲಿ ಊರಿದರೆ ಬೇರೂರುತ್ತವೆ.

ಮುಂದಿನ ಎರಡು ಮೂರು ಮಳೆಗಾಲ ಹಳೆಯ ಬುಡದ ಜಾಗವನ್ನು ನೋಡುತ್ತಿರಿ. ಒರಟು ಎಲೆಯ, ಉಜ್ಜಿದರೆ ಘಾಟು ಹೊಡೆಯುವ ಸಸಿಗಳು ಕಂಡರೆ ಕೈಯಿಂದಲೇ ಕಿತ್ತುಬಿಡಬಹುದು. ಹಕ್ಕಿಗಳು ಕೂರುವ ವಿದ್ಯುತ್ ತಂತಿಯ ಕೆಳಗೆ ಮತ್ತು ಪೇರಳೆ ಮರದ ಬುಡದಲ್ಲಿ ಮೊದಲು ಹುಡುಕಿ.