ಅಮೆರಿಕದ ಕಾಲೇಜು ಅರ್ಜಿ: ಕೈಯಲ್ಲಿ ದುಡ್ಡಿಲ್ಲದವರು ಚಟುವಟಿಕೆಗಳನ್ನು ತೂಗಿ ಬರೆಯುವ ಬಗೆ

ಸಿಇಟಿ ರ‍್ಯಾಂಕಿಗೆ ಒಗ್ಗಿದ ಮನೆಗಳಿಗೆ ಅಮೆರಿಕದ ಅರ್ಜಿಯ ಚಟುವಟಿಕೆ ಭಾಗ ಗಾಬರಿ ಹುಟ್ಟಿಸುತ್ತದೆ. ಟೆನಿಸ್ ಕೋಚಿಂಗ್, ರೊಬೊಟಿಕ್ಸ್ ಕಿಟ್, ಲಕ್ಷಗಟ್ಟಲೆ ಶುಲ್ಕದ ಬೇಸಿಗೆ ಶಿಬಿರ ಯಾವುದೂ ಇಲ್ಲ ಎಂದು ಎಷ್ಟೋ ಮಕ್ಕಳು ಆ ಪುಟವನ್ನು ಅರ್ಧ ಖಾಲಿ ಬಿಟ್ಟು ಕಳಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದೇ ಅರ್ಜಿಯನ್ನು ಹಲವು ಕಾಲೇಜುಗಳಿಗೆ ಕಳಿಸುವ ಆನ್‌ಲೈನ್ ವ್ಯವಸ್ಥೆಯಾದ ಕಾಮನ್ ಆ್ಯಪ್‌ನ ಚಟುವಟಿಕೆಗಳ ಬಗೆಗಳಲ್ಲೇ ‘ಕುಟುಂಬದ ಜವಾಬ್ದಾರಿ’, ‘ಸಂಬಳದ ಕೆಲಸ’ ಎರಡೂ ಇವೆ.

ಮೊದಲು ಒಂದು ವಾರ ನೋಟ್‌ಬುಕ್ಕಿನಲ್ಲಿ ದಿನಚರಿ ಬರೆಯಿರಿ. ತಂಗಿಗೆ ಪಾಠ, ಅಜ್ಜಿಗೆ ಔಷಧಿ, ಡೇರಿಗೆ ಹಾಲು, ಸಂಜೆ ಅಂಗಡಿ ಎಲ್ಲವೂ ಬರಲಿ. ಅರ್ಜಿ ಕೇಳುವುದು ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಎಂದು. ಅಂಗಡಿಯಲ್ಲಿ ವಾರಕ್ಕೆ 12 ಗಂಟೆ, ವರ್ಷಕ್ಕೆ 48 ವಾರ ಕೂತರೆ 576 ಗಂಟೆ. ವಾರಕ್ಕೆ 30 ಗಂಟೆಯಂತೆ ಎರಡು ವಾರದ ಶಿಬಿರ ಬರೀ 60 ಗಂಟೆ. ದುಡ್ಡು ಕಟ್ಟಿದವರನ್ನೆಲ್ಲ ಸೇರಿಸಿಕೊಳ್ಳುವ ಶಿಬಿರ ಎಷ್ಟೇ ದೊಡ್ಡ ಕ್ಯಾಂಪಸ್ಸಿನಲ್ಲಿ ನಡೆದರೂ ಅದಕ್ಕೆ ಸಾಲ ಮಾಡಬೇಡಿ. ಅಮೆರಿಕದ ಎಂಐಟಿಯಲ್ಲಿ (ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ) ನಡೆಯುವ ಆರ್‌ಎಸ್‌ಐನಂಥ (ರಿಸರ್ಚ್ ಸೈನ್ಸ್ ಇನ್‌ಸ್ಟಿಟ್ಯೂಟ್), ಕಠಿಣ ಆಯ್ಕೆಯಿದ್ದೂ ಬೋಧನಾ ಶುಲ್ಕವಿಲ್ಲದ ಶಿಬಿರದ ಮಾತೇ ಬೇರೆ.

ಗಂಟೆಯೊಂದೇ ಸಾಲದು. ಎಷ್ಟು ವರ್ಷದಿಂದ ಮಾಡುತ್ತಿದ್ದೀರಿ, ನಿಮ್ಮ ಮೇಲೆ ಏನು ಬಿಟ್ಟಿದ್ದರು, ನಿಮ್ಮಿಂದ ಏನು ಬದಲಾಯಿತು ಎಂದೂ ಕೇಳಿಕೊಳ್ಳಿ. ಮೂರಕ್ಕೂ ಗಟ್ಟಿ ಉತ್ತರ ಇರುವುದು ಪಟ್ಟಿಯಲ್ಲಿ ಮೇಲೆ ಬರಲಿ, ಒಂದು ದಿನ ಹೋಗಿ ಫೋಟೊ ತೆಗೆಸಿಕೊಂಡ ಸ್ವಚ್ಛತಾ ಅಭಿಯಾನ ಕೊನೆಗೆ ಹೋಗಲಿ.

ಕಾಮನ್ ಆ್ಯಪ್‌ನಲ್ಲಿ 10 ಚಟುವಟಿಕೆಗಳಿಗೆ ಜಾಗವಿದೆ, ಹತ್ತೂ ತುಂಬಲೇಬೇಕೆಂದಿಲ್ಲ. ಹುದ್ದೆಗೆ 50 ಅಕ್ಷರ, ವಿವರಣೆಗೆ ಖಾಲಿ ಜಾಗವೂ ಸೇರಿ 150 ಇಂಗ್ಲಿಷ್ ಅಕ್ಷರ. ಸೋಲುವುದು ಇಲ್ಲೇ. ‘ಅಪ್ಪನಿಗೆ ಅಂಗಡಿಯಲ್ಲಿ ಸಹಾಯ ಮಾಡಿದೆ’ ಎಂದರೆ ಓದುವವರ ಕಣ್ಣಿಗೆ ಏನೂ ಕಟ್ಟುವುದಿಲ್ಲ. ‘40 ಮನೆಗಳ ಉದ್ರಿ ಲೆಕ್ಕ ಪುಸ್ತಕದಿಂದ ಸ್ಪ್ರೆಡ್‌ಶೀಟಿಗೆ ತಂದೆ, ವಾರದ ಸಗಟು ಖರೀದಿ ನನ್ನದೇ, ಹಬ್ಬದ ದಾಸ್ತಾನು ಅಂದಾಜಿಸಿದೆ’ ಎನ್ನಿ. ಕ್ರಿಯಾಪದ, ಸಂಖ್ಯೆ, ಫಲ ಇರಲಿ, ಸಂಖ್ಯೆ ನಿಜವಿರಲಿ. ‘ನಾನು’ ಬೇಡ, ಅಕ್ಷರ ಉಳಿಯುತ್ತದೆ.

ಗಂಟೆಗಳನ್ನು ಒಟ್ಟು ಕೂಡಿಸಿ ನೋಡುವುದನ್ನು ಬಹಳ ಮಂದಿ ಮರೆಯುತ್ತಾರೆ. ಕಾಲೇಜು, ಓಡಾಟ, ನಿದ್ದೆ ಕಳೆದ ಮೇಲೂ ವಾರಕ್ಕೆ 60 ಗಂಟೆ ಚಟುವಟಿಕೆ ತೋರಿಸಿದರೆ ಇಡೀ ಪಟ್ಟಿಯ ಮೇಲೆ ಅನುಮಾನ ಬರುತ್ತದೆ.

ಎಲ್ಲ ಕಡೆ ಒಂದೇ ಪಟ್ಟಿ ನಡೆಯುವುದಿಲ್ಲ. ಎಂಐಟಿಯ ಸ್ವಂತ ಅರ್ಜಿ ನಾಲ್ಕೇ ಚಟುವಟಿಕೆ ಕೇಳುತ್ತದೆ. ಬರ್ಕ್ಲಿ, ಲಾಸ್ ಏಂಜಲಿಸ್‌ನಂಥ ಕ್ಯಾಂಪಸ್ಸುಗಳಿರುವ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಅರ್ಜಿಯಲ್ಲಿ ಪ್ರಶಸ್ತಿಗಳೂ ಸೇರಿ 20ರವರೆಗೆ ಬರೆಯಬಹುದು.

ಮನೆಯ ಕಷ್ಟವನ್ನು ಈ 150 ಅಕ್ಷರದೊಳಗೆ ತುರುಕಬೇಡಿ, ಅದಕ್ಕೆ ‘ಹೆಚ್ಚುವರಿ ಮಾಹಿತಿ’ ಭಾಗವಿದೆ. ಸಂಜೆ ಆರರ ನಂತರ ಅಂಗಡಿ ನಿಮ್ಮದೇ ಎಂಬ ಸಂಗತಿ ಶಿಫಾರಸು ಪತ್ರ ಬರೆಯುವ ಉಪನ್ಯಾಸಕರಿಗೆ ಗೊತ್ತಿರುವುದು ಅಪರೂಪ. ಪತ್ರ ಕೇಳುವ ದಿನವೇ ನೋಟ್‌ಬುಕ್ಕಿನ ಆ ವಾರದ ಪುಟದ ಪ್ರತಿಯನ್ನೂ ಅವರ ಕೈಗೆ ಕೊಡಿ.